‘ಊಟ ಸರಿ ಮಾಡಿ’ ಅಂದು ನಮ್ಮನ್ನು ಮನೆಗೆ ಕಳಿಸಬೇಡಿ

ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮತ್ತು ಉತ್ತರ ಕನ್ನಡದ ಎಲ್ಲ ಅಕ್ಕೋರು, ಮಾಸ್ತರರಿಗೆ,

ನಮಸ್ಕಾರ.

ನನ್ನ ಮಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ. ನಾಲ್ಕನೇ ಕ್ಲಾಸು. ಕೂತಲ್ಲಿ ಕೂರುವುದಿಲ್ಲ, ಅರ್ಧ ಮಾಡಿದ ಲೆಕ್ಕ ಬಿಟ್ಟು ಏಳುತ್ತಾನೆ, ಪಟ್ಟಿ ಎಲ್ಲಿಟ್ಟೆ ಅಂದರೆ ಅವನಿಗೇ ಗೊತ್ತಿರುವುದಿಲ್ಲ. ಹುಷಾರಿಲ್ಲದ ಹುಡುಗ ಅಲ್ಲ, ದಡ್ಡ ಅಂತೂ ಅಲ್ಲವೇ ಅಲ್ಲ. ಪ್ರಪಂಚದ ಲೆಕ್ಕ ನೋಡಿದರೆ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆ ಇರುತ್ತದೆ. ಅಂದರೆ ನಮ್ಮ ಜಿಲ್ಲೆಯ ಹೆಚ್ಚುಕಡಿಮೆ ಪ್ರತಿ ಕ್ಲಾಸಿನಲ್ಲೂ ಇಂಥ ಒಂದು ಮಗು ಇದೆ. ಕೆಲವರಿಗೆ ಹೆಸರು ಗೊತ್ತು, ಬಹಳ ಮಂದಿಗೆ ಗೊತ್ತಿಲ್ಲ, ‘ತುಂಟ’ ಅಂತಲೋ ‘ಮೈಗಳ್ಳ’ ಅಂತಲೋ ದಾಟಿ ಹೋಗುತ್ತದೆ.

ಈ ಪತ್ರ ಬರೆಯುವುದಕ್ಕೆ ಕಾರಣ ಒಂದು ಮಾತು. ಪೋಷಕರ ಸಭೆಯಲ್ಲಿ, ಉಳಿದ ತಂದೆತಾಯಂದಿರ ಎದುರಿಗೆ, ‘ಮನೆಯಲ್ಲಿ ಏನು ತಿನ್ನಿಸ್ತೀರಿ? ಚಾಕಲೇಟು, ನೂಡಲ್ಸು ಬಿಡಿಸಿ, ಎಲ್ಲ ಸರಿ ಹೋಗ್ತದೆ’ ಅಂತ ಶಾಲೆಯವರು ನನಗೆ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು. ಆದರೆ ಅದೇ ಮಾತನ್ನು ಬೇರೆ ಬೇರೆ ರೂಪದಲ್ಲಿ ಎಲ್ಲರೂ ಹೇಳುತ್ತಾರೆ. ಶಿರಸಿ ಕಡೆಯ ನೆಂಟರು ದಿನಾ ಒಂದೆಲಗದ ತಂಬುಳಿ ಮಾಡು ಅನ್ನುತ್ತಾರೆ. ವಾಟ್ಸಾಪಿನಲ್ಲಿ ಗೋಧಿ ಬಿಡಿಸು, ಹಾಲು ಬಿಡಿಸು ಅಂತ ವಿಡಿಯೋ ಬರುತ್ತದೆ. ಇನ್ಯಾರೋ ಮೀನಿನ ಎಣ್ಣೆಯ ಕ್ಯಾಪ್ಸೂಲು ತರಿಸು ಅನ್ನುತ್ತಾರೆ. ಮಗುವಿನ ಮಿದುಳಿನ ಸಂಗತಿ ಕೊನೆಗೆ ಅಡುಗೆಮನೆಯ ಸಂಗತಿ ಆಗಿಬಿಡುತ್ತದೆ. ಅಡುಗೆಮನೆ ಅಂದಮೇಲೆ ಗೊತ್ತಲ್ಲ, ತಪ್ಪೆಲ್ಲ ತಾಯಿಯದು.

ಹಾಗಂತ ಊಟಕ್ಕೂ ಗಮನಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಕೆಲವು ವಿಷಯದಲ್ಲಿ ಇದೆ, ಕೆಲವು ವಿಷಯದಲ್ಲಿ ಇಲ್ಲ. ಎಲ್ಲಿ ಇದೆಯೋ ಅಲ್ಲಿ ಕೆಲಸ ಮಾಡಬೇಕಾದವರು ತಾಯಂದಿರು ಮಾತ್ರ ಅಲ್ಲ, ಶಾಲೆಯೂ ಇಲಾಖೆಯೂ ಹೌದು. ಅದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಸಕ್ಕರೆ ವಿಷಯ ಮುಗಿಸಿಬಿಡುತ್ತೇನೆ. ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ ಅಂತ ನಾವೆಲ್ಲ ನಂಬಿದ್ದೇವೆ. 1995ರಲ್ಲಿ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಅಮೆರಿಕದ ವೈದ್ಯರು ನೋಡಿದರು. ಮಕ್ಕಳಿಗೂ, ತಂದೆತಾಯಿಗೂ, ಪರೀಕ್ಷೆ ಮಾಡುವವರಿಗೂ ಯಾರಿಗೆ ಸಕ್ಕರೆ ಕೊಟ್ಟಿದೆ ಅಂತ ಗೊತ್ತಿರದ ಪ್ರಯೋಗಗಳು ಅವು. ನಡವಳಿಕೆಯಲ್ಲಾಗಲಿ ಯೋಚನೆಯಲ್ಲಾಗಲಿ ಸಕ್ಕರೆಯಿಂದ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲಿನ ಇನ್ನೊಂದು ಪ್ರಯೋಗವಂತೂ ನಮ್ಮಂಥವರು ಓದಲೇಬೇಕಾದದ್ದು. 5ರಿಂದ 7 ವರ್ಷದ ಹುಡುಗರ ತಾಯಂದಿರಲ್ಲಿ ಅರ್ಧ ಮಂದಿಗೆ ‘ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ’ ಅಂತ ಹೇಳಿದರು. ನಿಜವಾಗಿ ಯಾವ ಹುಡುಗನಿಗೂ ಸಕ್ಕರೆ ಕೊಟ್ಟಿರಲಿಲ್ಲ. ಆದರೂ ಆ ತಾಯಂದಿರಿಗೆ ಮಗ ಜಾಸ್ತಿ ಚಟುವಟಿಕೆ ಮಾಡುತ್ತಿದ್ದಾನೆ ಅನ್ನಿಸಿತು, ಅವರು ಮಗನನ್ನು ಜಾಸ್ತಿ ಟೀಕಿಸಿದರು. ಸಕ್ಕರೆ ಕಡಿಮೆ ಮಾಡಬೇಕು, ಹಲ್ಲಿಗಾಗಿ, ಹೊಟ್ಟೆಗಾಗಿ, ಬೇಡ ಅನ್ನುವವರು ಯಾರು? ಆದರೆ ಎಡಿಎಚ್‌ಡಿ ಬಂದದ್ದು ಚಾಕಲೇಟಿನಿಂದ ಅಂತ ಸಭೆಯಲ್ಲಿ ಹೇಳುವುದು ನಿಲ್ಲಬೇಕು.

ಬಣ್ಣದ ಮಾತು ಬೇರೆ. ಅಲ್ಲಿ ನಿಜ ಇದೆ, ಸ್ವಲ್ಪವೇ ಆದರೂ ಇದೆ.

ಕ್ಯಾಲಿಫೋರ್ನಿಯಾದ ಅಲರ್ಜಿ ವೈದ್ಯ ಬೆಂಜಮಿನ್ ಫೈನ್‌ಗೋಲ್ಡ್ 1970ರ ದಶಕದಲ್ಲಿ ಕೃತಕ ಬಣ್ಣ, ರುಚಿಪುಡಿ ಬಿಟ್ಟರೆ ಚಂಚಲ ಮಕ್ಕಳು ಸುಧಾರಿಸುತ್ತಾರೆ ಅಂತ ಹೇಳಿದ್ದರು. ಅವರು ಹೇಳಿದಷ್ಟು ದೊಡ್ಡ ಪರಿಣಾಮ ಆಮೇಲಿನ ಪ್ರಯೋಗಗಳಲ್ಲಿ ಸಿಗಲಿಲ್ಲ. ಆದರೆ ವಿಷಯ ಅಲ್ಲಿಗೇ ಸಾಯಲೂ ಇಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ ಮತ್ತು 8-9 ವರ್ಷದ ಸುಮಾರು 300 ಸಾಮಾನ್ಯ ಮಕ್ಕಳಿಗೆ ಹಣ್ಣಿನ ಪಾನಕದಲ್ಲಿ ಬಣ್ಣದ ಮಿಶ್ರಣವನ್ನೂ ತಿನಿಸು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟನ್ನೂ ಹಾಕಿ ಕೊಟ್ಟು ನೋಡಿದರು. ಸರಾಸರಿಯಲ್ಲಿ ಚಂಚಲತೆ ಸ್ವಲ್ಪ ಏರಿತು. ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಅಲ್ಲ, ಕೆಲವರಲ್ಲಿ ಏನೂ ಇಲ್ಲ, ಕೆಲವರಲ್ಲಿ ಚೆನ್ನಾಗಿಯೇ ಕಾಣುವಷ್ಟು. ಅದಾದ ಮೇಲೆ ಯುರೋಪಿನಲ್ಲಿ 2010ರ ಜುಲೈನಿಂದ ಆರು ಬಣ್ಣಗಳಿಗೆ ಎಚ್ಚರಿಕೆಯ ಸಾಲು ಕಡ್ಡಾಯ ಮಾಡಿದರು, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು. ಆ ಆರರಲ್ಲಿ ನಾಲ್ಕು, ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್, ಪಾನ್ಸೋ 4ಆರ್, ನಮ್ಮ ದೇಶದಲ್ಲಿ ಇವತ್ತಿಗೂ ಹಾಕಬಹುದಾದ ಬಣ್ಣಗಳು. ಪೊಟ್ಟಣದ ಹಿಂದೆ 102, 110, 122, 124 ಅನ್ನುವ ಸಂಖ್ಯೆ ಇದ್ದರೆ ಅವು ಇವೇ. ಅಕ್ಷರ ಎಷ್ಟು ಸಣ್ಣದು ಅಂದರೆ ಅಂಗಡಿಯ ಬೆಳಕಿನಲ್ಲಿ ಓದುವುದಕ್ಕೇ ಆಗುವುದಿಲ್ಲ.

ಪೊಟ್ಟಣ ಇದ್ದರೆ ಸಂಖ್ಯೆಯಾದರೂ ಇರುತ್ತದೆ. ಶಾಲೆ ಗೇಟಿನ ಹತ್ತಿರ ಬಿಡಿಯಾಗಿ ಮಾರುವ ಕೆಂಪು ಐಸ್ ಕ್ಯಾಂಡಿಗೆ, ಹಳದಿ ಬೋಟಿಗೆ, ಗ್ಲಾಸಿನಲ್ಲಿ ಕೊಡುವ ಕಿತ್ತಳೆ ಬಣ್ಣದ ಶರಬತ್ತಿಗೆ ಏನಿದೆ? ನಮ್ಮ ಸರ್ಕಾರವೇ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಣ್ಣದ ಬೊಂಬಾಯಿ ಮಿಠಾಯಿ ಮಾರಬಾರದು ಅಂತ ಆದೇಶ ಮಾಡಿತು, ಜೂನ್‌ನಲ್ಲಿ ಕಬಾಬಿಗೂ ಅದನ್ನೇ ಮಾಡಿತು. ಬೊಂಬಾಯಿ ಮಿಠಾಯಿಯ ಮಾದರಿಗಳಲ್ಲಿ ರೋಡಮೈನ್-ಬಿ ಅನ್ನುವ, ಊಟಕ್ಕೆ ಬಳಸಲೇಬಾರದ ಬಣ್ಣ ಸಿಕ್ಕಿತ್ತು. ಶಾಲಾ ಆವರಣದಿಂದ 50 ಮೀಟರ್ ಒಳಗೆ ಜಾಸ್ತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೂ ಇದೆ. ಕಾನೂನು ಇದೆ, ಸರ್. ಗೇಟಿನ ಹತ್ತಿರ ನಿಂತು ನೋಡುವವರು ಬೇಕು. ದೊಡ್ಡ ಕಂಪನಿಯನ್ನು ಹಿಡಿಯಿರಿ ಅಂತ ನಾನು ಕೇಳುತ್ತಿಲ್ಲ, ನಿಮ್ಮ ಶಾಲೆಯ ಎದುರಿನ ಗೂಡಂಗಡಿಯವರನ್ನು ಕರೆದು ಮಾತಾಡಿ ಅನ್ನುತ್ತಿದ್ದೇನೆ. ಅವರಿಗೂ ಹೊಟ್ಟೆಪಾಡು. ಬಾಳೆಹಣ್ಣು, ಶೇಂಗಾ, ಬೇಯಿಸಿದ ಗೆಣಸು, ಮುರುಗಲ ಹಣ್ಣಿನ ಪಾನಕ ಇಟ್ಟರೆ ಮಕ್ಕಳು ತೆಗೆದುಕೊಳ್ಳುತ್ತಾರೆ. ಮುರುಗಲಿನ ಕೆಂಪಿಗೆ ಯಾವ ಬಣ್ಣದ ಪುಡಿಯೂ ಬೇಡ. ಜಾತ್ರೆ, ಬಂಡಿಹಬ್ಬದ ದಿನ ಮಗು ಒಂದು ಬಣ್ಣದ ಮಿಠಾಯಿ ತಿಂದಿತು ಅಂತ ಯಾರೂ ಹೆದರಬೇಕಿಲ್ಲ. ದಿನಾ ಮಧ್ಯಾಹ್ನದ ಬಿಡುವಿನಲ್ಲಿ ತಿನ್ನುವುದರ ಬಗ್ಗೆ ನಾನು ಹೇಳುತ್ತಿರುವುದು.

ಈಗ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಅದು ಕಬ್ಬಿಣ.

ಮಗನಿಗೆ ಇರುವುದು ಏನು ಅಂತ ಪರೀಕ್ಷೆ ಮಾಡುವಾಗ ಹುಬ್ಬಳ್ಳಿಯ ಡಾಕ್ಟರು ಮೊದಲು ಬರೆದದ್ದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು ಈ ಫೆರಿಟಿನ್. ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ತಳ ಹತ್ತಿರುವ ಮಕ್ಕಳೂ ಇರುತ್ತಾರೆ. ಗಮನಕ್ಕೆ ಬೇಕಾದ ಡೋಪಮಿನ್ ಮಿದುಳಿನಲ್ಲಿ ತಯಾರಾಗುವುದಕ್ಕೆ ಕಬ್ಬಿಣ ಬೇಕೇ ಬೇಕು. ಅದು ಕಡಿಮೆಯಾದ ಮಗು ಸುಸ್ತಾಗುತ್ತದೆ, ಕಿರಿಕಿರಿ ಮಾಡುತ್ತದೆ, ಪಾಠದ ಮೇಲೆ ಮನಸ್ಸು ನಿಲ್ಲಿಸುವುದಿಲ್ಲ, ರಾತ್ರಿ ಕಾಲು ಒದರುತ್ತಾ ಸರಿಯಾಗಿ ನಿದ್ದೆ ಮಾಡುವುದಿಲ್ಲ. ನೋಡಿದವರಿಗೆ ಅದು ಎಡಿಎಚ್‌ಡಿಯಂತೆಯೇ ಕಾಣಬಹುದು. ಎಡಿಎಚ್‌ಡಿ ಇರುವ ಮಗುವಿಗೆ ಇದೂ ಸೇರಿಕೊಂಡರೆ ತೊಂದರೆ ಎರಡು ಪಾಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಜಾಸ್ತಿ ಮಕ್ಕಳಿಗೆ ರಕ್ತಹೀನತೆ ಇದೆ. ಆ ಮಕ್ಕಳೇ ಅಲ್ವಾ ಮುಂದೆ ನಿಮ್ಮ ಒಂದನೇ ಕ್ಲಾಸಿಗೆ ಬಂದು ಕೂರುವುದು?

ನಮ್ಮ ಕರಾವಳಿಯ ಮುಂಜಾನೆ ನಿಮಗೆ ಗೊತ್ತಿದೆ. ಒಂದು ಲೋಟ ಚಹಾ, ಅದರಲ್ಲಿ ಅದ್ದಿದ ಪಾವು ಇಲ್ಲ ಖಾರಿ, ಅಷ್ಟು ತಿಂದು ಮಗು ಚೀಲ ಹೆಗಲಿಗೇರಿಸಿ ಹೊರಡುತ್ತದೆ. ತಾಯಿ ಮೀನು ಮಾರ್ಕೆಟ್ಟಿಗೆ ಹೋಗುವವಳಿದ್ದರೆ, ತಂದೆ ಬೋಟಿನಲ್ಲಿದ್ದರೆ, ಅದನ್ನೂ ಮಗುವೇ ಮಾಡಿಕೊಂಡಿರುತ್ತದೆ. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಗುಲಾಬಿ ಮಾತ್ರೆ, ದೊಡ್ಡ ಮಕ್ಕಳಿಗೆ ನೀಲಿ ಮಾತ್ರೆ ಕೊಡುತ್ತೀರಿ, ಒಳ್ಳೆಯ ಯೋಜನೆ. ಆದರೆ ಅದನ್ನು ಬೆಳಗಿನ ಹಾಲಿನ ಜೊತೆ ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಮಧ್ಯಾಹ್ನದ ಊಟ ಆದ ಮೇಲೆ, ಅವತ್ತಿನ ಸಾರಿಗೆ ಒಂದಿಷ್ಟು ಲಿಂಬೆ ಹಿಂಡಿಸಿ, ಆಮೇಲೆ ಕೊಡಿ. ಇದಕ್ಕೆ ಹಣ ಬೇಡ, ಆದೇಶದಲ್ಲಿ ಒಂದು ಸಾಲು ಸಾಕು. ಫೆಬ್ರುವರಿ, ಆಗಸ್ಟಿನಲ್ಲಿ ಕೊಡುವ ಜಂತುಹುಳದ ಮಾತ್ರೆ ಯಾವ ಮಗುವಿಗೂ ತಪ್ಪದಂತೆ ನೋಡಿಕೊಳ್ಳಿ, ನಮ್ಮ ಮಕ್ಕಳು ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆ, ತೋಟ ಸುತ್ತುವವರು. ಖಾಸಗಿ ಶಾಲೆಯ ಮಕ್ಕಳಿಗೆ ಗುಲಾಬಿ ಮಾತ್ರೆಯ ವ್ಯವಸ್ಥೆ ಸರಿಯಾಗಿ ಮುಟ್ಟುವುದಿಲ್ಲ, ಅದನ್ನೂ ಯೋಚಿಸಿ.

ತಾಯಂದಿರಿಗೆ ಒಂದು ಮಾತು. ಪರೀಕ್ಷೆ ಮಾಡಿಸದೆ ಕಬ್ಬಿಣದ ಟಾನಿಕ್ಕನ್ನು ಸುಮ್ನೆ ಬಾಟಲಿಗಟ್ಟಲೆ ಕುಡಿಸಬೇಡಿ, ಜಾಸ್ತಿಯಾದರೆ ಅದೂ ವಿಷವೇ. ಊಟದಲ್ಲಿ ಎಷ್ಟಾದರೂ ಕೊಡಿ. ಅಘನಾಶಿನಿಯ ಬಳಚು, ಕಾಳಿ ನದಿಯ ಕಲ್ವಾ ಅನ್ನುವ ಚಿಪ್ಪುಮೀನುಗಳು ಕಬ್ಬಿಣಕ್ಕೂ ಸತುವಿಗೂ ಹೇಳಿ ಮಾಡಿಸಿದ ಆಹಾರ, ಅದನ್ನು ಬಡವರ ಪದಾರ್ಥ ಅಂತ ಬದಿಗಿಡಬೇಡಿ. ಮೀನು ತಿನ್ನದ ಮನೆಯವರಿಗೆ ಹರಿವೆ, ನುಗ್ಗೆಸೊಪ್ಪು, ಹುರುಳಿ, ಎಳ್ಳು ಇದೆ. ಜೊತೆಗೆ ನೆಲ್ಲಿಕಾಯಿ, ಪೇರಲ, ಲಿಂಬೆ ಯಾವುದಾದರೂ ಒಂದು ಇರಲಿ, ಆಗ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ತುಂಬ ಸೊಪ್ಪು ಇಟ್ಟುಕೊಂಡು ಕೂತಿರುತ್ತಾರೆ. ಅದರಷ್ಟು ತಾಜಾ ಸೊಪ್ಪು ಯಾವ ಊರಿನಲ್ಲಿ ಸಿಗುತ್ತದೆ ಹೇಳಿ? ಒಂದೆಲಗದ ತಂಬುಳಿಯೂ ಮಾಡಿ, ಬೇಸಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಊಟ ಅಂತ ಮಾಡಿ, ಚಿಕಿತ್ಸೆ ಅಂತ ಅಲ್ಲ.

ಮೀನಿನೆಣ್ಣೆಯ ಮಾತು. ಅದರಲ್ಲಿರುವ ಒಮೆಗಾ-3 ಅನ್ನುವ ಕೊಬ್ಬಿನಿಂದ ಎಡಿಎಚ್‌ಡಿ ಮಕ್ಕಳಿಗೆ ಉಪಯೋಗ ಇದೆಯೇ ಅಂದರೆ, ಅಲ್ಪ ಉಪಯೋಗ ಇದೆ ಅಂತ 2011ರಲ್ಲಿ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದವರು ಹೇಳಿದರು. ಔಷಧದ ಪರಿಣಾಮದ ಎದುರು ಅದು ಬಹಳ ಸಣ್ಣದು ಅಂತಲೂ ಅವರೇ ಹೇಳಿದರು. ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಕ್ಯಾಪ್ಸೂಲು ತರಿಸುವ ತಾಯಂದಿರನ್ನು ನಾನು ಬಲ್ಲೆ. ಅವರ ಮನೆಯಿಂದ ಕೂಗಳತೆಯಲ್ಲಿ ಬಂದರು. ಬುಟ್ಟಿಯಲ್ಲಿ ಬಂಗಡೆ, ತಾರ್ಲೆ ಬಂದು ಇಳಿಯುತ್ತದೆ. ಒಮೆಗಾ-3 ತುಂಬಿರುವ ಮೀನುಗಳೇ ಅವು. ಬಲೆಗೆ ರಾಶಿ ಬಿದ್ದ ದಿನ ನಮ್ಮ ಕರಾವಳಿಯ ತಾರ್ಲೆ ಲಾರಿಯಲ್ಲಿ ಫಿಶ್ ಮಿಲ್ಲಿಗೆ ಹೋಗಿ ಎಣ್ಣೆಯೂ ಹಿಟ್ಟೂ ಆಗುತ್ತದೆ. ಅಂಥ ದಿನ ನಾಲ್ಕು ಬುಟ್ಟಿ ವಿದ್ಯಾರ್ಥಿನಿಲಯಗಳ ಅಡುಗೆಮನೆಗೆ ಹೋಗುವ ಹಾಗೆ ಮೀನುಗಾರರ ಸಂಘಗಳ ಜೊತೆ ಜಿಲ್ಲಾಡಳಿತ ಒಮ್ಮೆ ಮಾತಾಡಲಿ, ತಿನ್ನುವ ಮಕ್ಕಳಿಗೆ ಬಡಿಸಲಿ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟು ನಿಲ್ಲುತ್ತದೆ, ಮೀನು ತುಟ್ಟಿ. ಆಗ ಒಣಮೀನು ಇದೆ, ಶಾಲೆಯ ಮೊಟ್ಟೆ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಬಂದಿದೆ, ಅದು ನಿಲ್ಲದ ಹಾಗೆ ನೋಡಿಕೊಳ್ಳಿ.

ಗೋಧಿ ಬಿಡಿಸು, ಹಾಲು ಬಿಡಿಸು, ಮೊಟ್ಟೆ ಬಿಡಿಸು ಅನ್ನುವವರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ನೂರು ಮಕ್ಕಳ ಮೇಲೆ ಮಾಡಿದ, 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನೇ ಇವರು ಹಿಡಿದುಕೊಂಡಿದ್ದಾರೆ. ಐದು ವಾರ ಬಹಳ ಕಡಿಮೆ ಪದಾರ್ಥಗಳ ಊಟ ಕೊಟ್ಟಾಗ ಹಲವರು ಸುಧಾರಿಸಿದರು ಅಂತ ಅದರಲ್ಲಿದೆ, ಆದರೆ ಯಾರಿಗೆ ಯಾವ ಊಟ ಅಂತ ತಂದೆತಾಯಿಗೆ ಮೊದಲೇ ಗೊತ್ತಿತ್ತು. ಸಕ್ಕರೆಯ ವಿಷಯದಲ್ಲಿ ನಂಬಿಕೆ ಏನು ಮಾಡುತ್ತದೆ ಅಂತ ಮೇಲೆ ನೋಡಿದೆವಲ್ಲ? ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ, ಇಂಥ ಪಥ್ಯ ಬಹಳ ಕಾಲ ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಮನೆಯವರಿಗೆ ಹೇಳಿ ಅನ್ನುತ್ತದೆ. ಯಾವುದೋ ತಿನಿಸಿನಿಂದ ಮಗುವಿಗೆ ಜಾಸ್ತಿಯಾಗುತ್ತದೆ ಅಂತ ಮನೆಯವರಿಗೆ ಅನ್ನಿಸಿದರೆ, ತಿಂದದ್ದನ್ನೂ ನಡವಳಿಕೆಯನ್ನೂ ದಿನಾ ಬರೆದಿಡಿ, ಸಂಬಂಧ ಕಂಡರೆ ಆಹಾರತಜ್ಞರ ಕಣ್ಗಾವಲಿನಲ್ಲೇ ಬಿಡಿಸಿ ನೋಡಿ, ಅಷ್ಟೇ. ಬೆಳೆಯುವ ಮಗುವಿನ ತಟ್ಟೆಯಿಂದ ಹಾಲು, ಮೊಟ್ಟೆ, ಗೋಧಿ ಎಲ್ಲ ತೆಗೆದರೆ ಉಳಿಯುವುದೇನು?

ಅದೂ ನನ್ನ ಮಗನಂಥವನಿಗೆ. ಅವನು ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಅದು ಕೆಲಸ ಮಾಡುತ್ತದೆ, ಕ್ಲಾಸಿನಲ್ಲಿ ಕೂತು ಬರೆಯುತ್ತಾನೆ. ಆದರೆ ಹಸಿವು ಸಾಯುತ್ತದೆ. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಿನಿಂದ ಆಚೆ ಈಚೆ ಮಾಡಿ ಎದ್ದುಬಿಡುತ್ತಾನೆ. ಸಂಜೆ ಮಾತ್ರೆಯ ಪರಿಣಾಮ ಇಳಿಯುತ್ತಿದ್ದ ಹಾಗೆ ಅವನಿಗೆ ಸಿಟ್ಟು, ಅಳು. ರಾತ್ರಿ ಒಂಬತ್ತಕ್ಕೆ ಅಡುಗೆಮನೆಗೆ ಬಂದು ಗಂಜಿ ಮೇಲೆ ಗಂಜಿ ಹಾಕಿಸಿಕೊಂಡು, ಬಂಗಡೆಯ ಮುಳ್ಳನ್ನು ಒಂದೂ ಬಿಡದೆ ಚೀಪಿ, ಮತ್ತೊಂದು ಇದೆಯಾ ಅಂತ ಕೇಳುತ್ತಾನೆ. ಅದಕ್ಕೇ ಅವನಿಗೆ ಮಾತ್ರೆಗಿಂತ ಮೊದಲು, ಬೆಳಗ್ಗೆ ಏಳೂವರೆಗೆ, ಹೊಟ್ಟೆ ತುಂಬ ತಿನ್ನಿಸಬೇಕು. ಮೊಟ್ಟೆ ದೋಸೆ, ಶೇಂಗಾ ಚಟ್ನಿ, ತುಪ್ಪ ಹಾಕಿದ ಗಂಜಿ, ಯಾವುದು ಒಳಗೆ ಹೋಗುತ್ತದೋ ಅದು. ನಾನು ಮನೆಯಲ್ಲಿರುತ್ತೇನೆ, ಆಗುತ್ತದೆ. ಕೆಲಸಕ್ಕೆ ಹೋಗುವ ತಾಯಿಗೆ ಆಗುವುದಿಲ್ಲ.

ಅಕ್ಕೋರೇ, ಮಾಸ್ತರೇ, ನಿಮ್ಮಲ್ಲಿ ನನ್ನ ಕೋರಿಕೆ ಇಲ್ಲೇ ಇದೆ. ಇಂಥ ಮಗು ಮಧ್ಯಾಹ್ನ ಊಟ ಬಿಟ್ಟರೆ ಗದರಿಸಬೇಡಿ, ಅನ್ನ ಚೆಲ್ಲಿದೆ ಅಂತ ನಿಲ್ಲಿಸಬೇಡಿ. ಅವನ ಪಾಲಿನ ಮೊಟ್ಟೆ, ಬಾಳೆಹಣ್ಣು ಎತ್ತಿಟ್ಟು ಸಂಜೆ ಬಿಡುವಾಗ ಕೊಡಿ. ಬೆಳಗ್ಗೆ ತಿನ್ನದೆ ಬಂದ ಮಗುವಿಗೆ ಹಾಲು, ರಾಗಿ ಮಾಲ್ಟ್ ಮೊದಲ ಪಾಠಕ್ಕಿಂತ ಮುಂಚೆ ಸಿಗಲಿ. ಆಟದ ಪಿರಿಯಡ್ಡನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ, ಓಡಾಡಿದರೆ ಹಸಿವೂ ಬರುತ್ತದೆ, ಗಮನವೂ ಕೂಡುತ್ತದೆ.

ಇನ್ನು ಅಧಿಕಾರಿಗಳಿಗೆ. ಎಡಿಎಚ್‌ಡಿಯಲ್ಲಿ ರಕ್ತಸಂಬಂಧದಿಂದ ಬರುವ ಪಾಲೇ ದೊಡ್ಡದು. ಊಟ ಅದನ್ನು ಹುಟ್ಟಿಸುವುದೂ ಇಲ್ಲ, ಊಟದಿಂದ ಅದು ಹೋಗುವುದೂ ಇಲ್ಲ. ಬೇಕಾದದ್ದು ಸರಿಯಾದ ತಪಾಸಣೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗೆ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿ ಇದೆ, ಅದರಲ್ಲಿ ಎಡಿಎಚ್‌ಡಿಯ ಹೆಸರೂ ಇದೆ. ಶಾಲೆಗೆ ಬರುವ ತಂಡ ತೂಕ, ಎತ್ತರ, ಕಣ್ಣು, ಹಲ್ಲು ನೋಡಿ ಹೋಗುತ್ತದೆ. ‘ಈ ಮಗು ಕೂರುವುದಿಲ್ಲ, ಬರೆಯುವುದಿಲ್ಲ’ ಅಂತ ಅಕ್ಕೋರು ತೋರಿಸಿದರೆ ಮುಂದೆ ಎಲ್ಲಿಗೆ ಕಳಿಸಬೇಕು ಅನ್ನುವ ದಾರಿ ಆ ತಂಡಕ್ಕೂ ಸ್ಪಷ್ಟ ಇರಬೇಕು. ನಮಗೆ ಆ ದಾರಿ ಯಾರೂ ಹೇಳಲಿಲ್ಲ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದೆವು, ಕಾರವಾರದಿಂದ ನೂರ ಅರವತ್ತು ಕಿಲೋಮೀಟರಿನ ಮೇಲೆ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರುವುದು ಇಂಥ ಮಗುವಿಗೆ ಎಂಥ ಕಷ್ಟ ಅಂತ ಪಕ್ಕದಲ್ಲಿ ಕೂತವರಿಗೇ ಗೊತ್ತು. ಮಾತ್ರೆ ತರುವುದಕ್ಕೂ ಅದೇ ದಾರಿ. ಜೋಯಿಡಾದ ಒಳಗಿನ ಹಳ್ಳಿಯ ತಾಯಿ ಏನು ಮಾಡಬೇಕು? ಈ ಜಿಲ್ಲೆಗೆ ಒಳ್ಳೆಯ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ದೊಡ್ಡದಾಗಿ ಕೂಗಿದ್ದು ನಿಮಗೆ ನೆನಪಿದೆ. ಅದು ಬರುವವರೆಗೆ ಕಾಯುವ ಅಗತ್ಯ ಇಲ್ಲದ ಕೆಲಸ ನಾನು ಕೇಳುತ್ತಿರುವುದು.

ತಿಂಗಳಿಗೆ ಒಂದು ದಿನ ಕಾರವಾರದಲ್ಲಿ, ಒಂದು ದಿನ ಶಿರಸಿಯಲ್ಲಿ, ಮಕ್ಕಳ ಮನೋವೈದ್ಯರು ಸಿಗುವ ಹಾಗೆ ಮಾಡಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಿಂದಲೋ ಬೆಂಗಳೂರಿನ ನಿಮ್ಹಾನ್ಸ್‌ನಿಂದ ವಿಡಿಯೋ ಮೂಲಕವೋ ಆದರೂ ಸರಿ. ಅದೇ ದಿನ ಫೆರಿಟಿನ್ ಪರೀಕ್ಷೆ ಉಚಿತವಾಗಿ ಆಗಲಿ, ಆಹಾರತಜ್ಞರು ಒಬ್ಬರು ಕೂತಿರಲಿ, ಕಿವಿ, ಕಣ್ಣು, ಥೈರಾಯ್ಡ್ ನೋಡಿಬಿಡಲಿ. ಸರ್ಕಾರಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಈ ಮಾತ್ರೆ ಇರಲಿ. ತುರ್ತಾಗಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದ ತಾಯಂದಿರಿಗೆ 14416 ಟೆಲಿ ಮಾನಸ್ ಸಹಾಯವಾಣಿ ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಅದನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಿ. ಶಿಕ್ಷಕರ ತರಬೇತಿಯಲ್ಲಿ ಎಡಿಎಚ್‌ಡಿಗೆ ಅರ್ಧ ದಿನ ಕೊಡಿ. ಆ ಅರ್ಧ ದಿನದಲ್ಲಿ ಊಟದ ವಿಷಯ ಬರಲಿ, ಬಣ್ಣದ್ದು, ಕಬ್ಬಿಣದ್ದು, ಬೆಳಗಿನ ತಿಂಡಿಯದ್ದು. ಆದರೆ ಸಭೆಯಲ್ಲಿ ತಾಯಿಯನ್ನು ನಿಲ್ಲಿಸಿ ಏನು ತಿನ್ನಿಸ್ತೀರಿ ಅಂತ ಕೇಳಬಾರದು ಅನ್ನುವುದೂ ಬರಲಿ.

ಮುಂದಿನ ಶಾಲಾ ವರ್ಷ ಶುರುವಾಗುವುದಕ್ಕೆ ಮೊದಲು ಒಂದು ಸಭೆ ಕರೆಯಿರಿ. ಕಾರವಾರ, ಅಂಕೋಲಾ, ಕುಮಟಾದ ಕೆಲವು ತಾಯಂದಿರು ಬರಲು ತಯಾರಿದ್ದೇವೆ, ಶಿರಸಿಯವರೂ ಬರುತ್ತೇವೆ ಅಂದಿದ್ದಾರೆ. ಮಕ್ಕಳ ಊಟದ ದಿನಚರಿ, ರಕ್ತ ಪರೀಕ್ಷೆಯ ಕಾಗದ ಎಲ್ಲ ನಮ್ಮ ಹತ್ತಿರ ಇದೆ, ತರುತ್ತೇವೆ. ತಾರೀಖು ಮತ್ತು ಜಾಗ ತಿಳಿಸಿ. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ, ಹತ್ತರಿಂದ ಮೂರರ ಒಳಗೆ ಇಟ್ಟರೆ ಎಲ್ಲರಿಗೂ ಅನುಕೂಲ.

ಇಂತಿ,
ಕಾರವಾರದ ಒಬ್ಬ ತಾಯಿ